ಒಗಟಿಗೆ ಸ್ಟಾರ್ ಕೊಡೋರು ಯಾರು?

ನಮ್ಮ ಕನ್ನಡ ಬಳಗದ ಗೋಡೆಪತ್ರಿಕೆಯನ್ನ ನೀವೆಲ್ಲ ನೋಡಿರ್ತೀರಿ. ಕ್ಯಾಂಟೀನಿನ ಪಕ್ಕದ ಗೋಡೆ. ಎಡಗಡೆ ಕವನ, ಬಲಗಡೆ ರಾಜ್ಯೋತ್ಸವದ ಹಳೇ ಪೋಸ್ಟರ್, ಕೆಳಗೆ ಮೂಲೆಯಲ್ಲಿ 'ಈ ವಾರದ ಚದುರಂಗ'. ಪ್ರತಿ ಸೋಮವಾರ ಅಲ್ಲೊಂದು ಒಗಟು ಅಂಟಿಸ್ತೀವಿ. ಪಕ್ಕದಲ್ಲಿ ಒಂದು ಹಳೇ ಶೂ ಡಬ್ಬಿ. ಉತ್ತರ ಬರೆದ ಚೀಟಿಯನ್ನ ಅದರಲ್ಲಿ ಹಾಕಬೇಕು. ಒಗಟಿನ ತಲೆಯ ಮೇಲೆ ಸ್ಟಾರ್ ಇರುತ್ತೆ: ಒಂದು ಸ್ಟಾರ್ ಅಂದ್ರೆ ಸುಲಭ, ಎರಡು ಅಂದ್ರೆ ಮಧ್ಯಮ, ಮೂರು ಅಂದ್ರೆ ಕಷ್ಟ. ಸ್ಟಾರ್ ಕೊಡುತ್ತಿದ್ದವರು ನಾವು ಮೂವರು, ಭಾನುವಾರ ರಾತ್ರಿ, ಹಾಸ್ಟೆಲ್ ರೂಮಿನಲ್ಲಿ, ಹೆಚ್ಚಂದರೆ ಐದು ನಿಮಿಷದಲ್ಲಿ.

ಮೂರನೇ ವಾರದ ಒಗಟಿಗೆ ಒಂದೇ ಸ್ಟಾರ್ ಕೊಟ್ಟಿದ್ವಿ. ಬೋರ್ಡಿನ ಮೇಲೆ ಇದ್ದದ್ದೇ ನಾಲ್ಕು ಕಾಯಿ, ಇನ್ನೇನು ಕಷ್ಟ ಇರುತ್ತೆ ಅಂತ. ಶನಿವಾರ ಡಬ್ಬಿ ತೆಗೆದು ನೋಡಿದರೆ ಎರಡೇ ಎರಡು ಸರಿಯುತ್ತರ. ಉಳಿದವೆಲ್ಲ ತಪ್ಪು. ಒಂದು ಚೀಟಿಯಲ್ಲಂತೂ ಉತ್ತರವೇ ಇರಲಿಲ್ಲ. ನೀಟಾದ ಅಕ್ಷರದಲ್ಲಿ ಹೀಗೆ ಬರೆದಿತ್ತು: "ಅಣ್ಣ, ಒಂದು ಸ್ಟಾರಿಂದೂ ನನಗೆ ಬರ್ಲಿಲ್ಲ. ಚೆಸ್ ನನ್ನಂಥೋರಿಗೆ ಅಲ್ಲ ಅನ್ಸುತ್ತೆ. ಇನ್ಮೇಲೆ ಟ್ರೈ ಮಾಡಲ್ಲ." ಹೆಸರಿಲ್ಲ. ಮೊದಲ ವರ್ಷದವರು ಯಾರೋ ಇರಬೇಕು.

ಆ ಚೀಟಿ ನೋಡಿ ನಾವು ಸುಮ್ಮನಾದ್ವಿ. ಒಗಟು ಅವರನ್ನ ಸೋಲಿಸಿರಲಿಲ್ಲ. ಸೋಲಿಸಿದ್ದು ನಾವು ಬರೆದ ಸ್ಟಾರು. ಆಮೇಲೆ ಬಂದ ಪ್ರಶ್ನೆ ಇದು: ಒಂದು ಒಗಟು ಎಷ್ಟು ಕಷ್ಟ ಅಂತ ಹೇಳೋ ಅಧಿಕಾರ ಯಾರಿಗಿದೆ? ಹೇಳೋದಾದರೂ ಹೇಗೆ?

ಮೊದಲು ಆ ಒಗಟನ್ನೇ ನೋಡೋಣ. ಬೋರ್ಡಿದ್ರೆ ಜೋಡಿಸಿಕೊಳ್ಳಿ, ಇಲ್ಲದಿದ್ರೆ ಲ್ಯಾಬ್ ರೆಕಾರ್ಡಿನ ಹಿಂದಿನ ಪುಟದಲ್ಲಿ ಎಂಟು ಗೀಟು ಎಳೆದರೂ ಸಾಕು. ಬಿಳಿ ರಾಜ ಎಚ್8ರಲ್ಲಿ, ಬಿಳಿ ಕಾಲಾಳು ಸಿ6ರಲ್ಲಿ. ಕಪ್ಪು ರಾಜ ಎ6ರಲ್ಲಿ, ಕಪ್ಪು ಕಾಲಾಳು ಎಚ್5ರಲ್ಲಿ. ನಡೆ ಬಿಳಿಯದು, ಡ್ರಾ ಮಾಡಬೇಕು. ಇದನ್ನ 1921ರಲ್ಲಿ ರಿಚರ್ಡ್ ರೇಟಿ ರಚಿಸಿದ್ದು. ನೋಡಿದ ತಕ್ಷಣ ಅನ್ನಿಸೋದು 'ಸಾಧ್ಯವೇ ಇಲ್ಲ' ಅಂತ. ಕಪ್ಪು ಕಾಲಾಳು ಓಡಿಹೋಗ್ತಾ ಇದೆ, ಬಿಳಿ ರಾಜ ಅದರ ಹಿಂದೆ ಎರಡು ಹೆಜ್ಜೆ ತಡ. ಬಿಳಿ ಕಾಲಾಳು ಕಪ್ಪು ರಾಜನ ಕೈಗೇ ಸಿಗೋ ಹಾಗಿದೆ. ಎರಡು ಕಡೆನೂ ಸೋಲು.

ಉತ್ತರ: ರಾಜ ಜಿ7ಕ್ಕೆ, ಆಮೇಲೆ ಎಫ್6ಕ್ಕೆ, ಆಮೇಲೆ ಇ7ಕ್ಕೋ ಇ5ಕ್ಕೋ. ಓರೆಯಾಗಿ ಇಳಿಯಬೇಕು. ಹಾಗೆ ಇಳಿಯುವಾಗ ರಾಜ ಏಕಕಾಲಕ್ಕೆ ಎರಡು ಕೆಲಸ ಮಾಡ್ತಾನೆ: ಕಪ್ಪು ಕಾಲಾಳನ್ನ ಅಟ್ಟಿಸಿಕೊಂಡು ಹೋಗ್ತಾನೆ, ತನ್ನ ಕಾಲಾಳಿನ ಹತ್ತಿರಕ್ಕೂ ಬರ್ತಾನೆ. ಕಪ್ಪು ಕಾಲಾಳು ಸುಮ್ಮನೆ ಓಡ್ತಾನೇ ಇದ್ರೆ ರಾಜ ತನ್ನ ಕಾಲಾಳಿನ ಪಕ್ಕಕ್ಕೆ ತಲುಪಿಬಿಡ್ತಾನೆ, ಎರಡೂ ಕಾಲಾಳು ಮಂತ್ರಿಯಾಗುತ್ತವೆ, ಡ್ರಾ. ಕಪ್ಪು ರಾಜ ಮಧ್ಯೆ ಸಮಯ ತಗೊಂಡು ಸಿ6ರ ಕಾಲಾಳನ್ನ ಹೊಡೆದರೆ ಬಿಳಿ ರಾಜ ಎಫ್4ಕ್ಕೆ ಬಂದು ಆ ಇನ್ನೊಂದು ಕಾಲಾಳನ್ನ ಹಿಡಿದೇಬಿಡ್ತಾನೆ. ಆಗಲೂ ಡ್ರಾ.

ಇದರಲ್ಲಿ ಲೆಕ್ಕ ಹಾಕೋಕೆ ಏನೂ ಇಲ್ಲ. ಹೆಚ್ಚೆಂದರೆ ಐದಾರು ನಡೆ. ತೊಂದರೆ ಇರೋದು ನಮ್ಮ ಕಣ್ಣಲ್ಲಿ. ಹೈಸ್ಕೂಲಿನಿಂದ ನಮಗೆ ಕರ್ಣ ಅಂದ್ರೆ ಉದ್ದ, ಬಾಹು ಅಂದ್ರೆ ಗಿಡ್ಡ. ಪೈಥಾಗೊರಸ್ ತಲೆಯಲ್ಲಿ ಕೂತಿದ್ದಾನೆ. ಆದರೆ ಚದುರಂಗದ ರಾಜನಿಗೆ ಓರೆ ಹೆಜ್ಜೆಯೂ ಒಂದೇ, ನೇರ ಹೆಜ್ಜೆಯೂ ಒಂದೇ. ಎ1ರಿಂದ ಎ8ಕ್ಕೆ ಏಳು ನಡೆ, ಎ1ರಿಂದ ಎಚ್8ಕ್ಕೂ ಏಳೇ ನಡೆ. ಗಣಿತದಲ್ಲಿ ಇದಕ್ಕೆ ಚೆಬಿಶೆವ್ ದೂರ ಅಂತ ಹೆಸರೇ ಇದೆ. ಕಂಪ್ಯೂಟರಿಗೆ ಪೈಥಾಗೊರಸ್ ಅಭ್ಯಾಸ ಇಲ್ಲ, ಅದಕ್ಕೇ ಅದು ಕಣ್ಣು ಮಿಟುಕಿಸೋದ್ರೊಳಗೆ ಬಿಡಿಸುತ್ತೆ. ನಾವು ಎಡವುತ್ತೀವಿ.

ಹಾಗಾದ್ರೆ ಕಾಯಿ ಎಷ್ಟಿದೆ ಅನ್ನೋದು ಕಷ್ಟದ ಅಳತೆ ಅಲ್ಲ. ನಡೆ ಎಷ್ಟು ಅನ್ನೋದೂ ಅಲ್ಲ. ಕಂಪ್ಯೂಟರ್ ಎಷ್ಟು ಹೊತ್ತು ತಗೊಳ್ತು ಅನ್ನೋದೂ ಅಲ್ಲ. ಉತ್ತರಗಳು ಎಷ್ಟಿವೆ ಅನ್ನೋದು? ಅದೂ ಅಲ್ಲ ಅನ್ನೋಕೆ ನಮ್ಮ ಮೈಸೂರೇ ಸಾಕ್ಷಿ.

ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಆಟ, ಒಗಟು ಅಂದ್ರೆ ಪ್ರಾಣ. ಅವರು ಕೂತು ರಚಿಸಿದವುಗಳಲ್ಲಿ ಕುದುರೆ ನಡಿಗೆಯ ಒಗಟುಗಳೂ ಇವೆ: ಕುದುರೆ ಪ್ರತಿ ಮನೆಗೂ ಒಂದೇ ಒಂದು ಸಲ ಹೋಗಿ 64 ಮನೆ ಮುಗಿಸಬೇಕು. ಹೊರಟ ಮನೆಗೇ ವಾಪಸ್ ಬರೋ ಥರದ ನಡಿಗೆಗಳು ಮಾತ್ರ ತಗೊಂಡ್ರೂ, ದಿಕ್ಕು ಸೇರಿಸಿ ಎಣಿಸಿದರೆ 26,534,728,821,064 ಇವೆ. ಅಂದ್ರೆ ಇಪ್ಪತ್ತಾರು ಲಕ್ಷ ಕೋಟಿಗೂ ಹೆಚ್ಚು ಸರಿಯುತ್ತರ! ಒಂದು ಪ್ರಶ್ನೆಗೆ ಇಷ್ಟು ಉತ್ತರ ಇದ್ರೆ ಕಣ್ಣುಮುಚ್ಚಿ ಬರೆದರೂ ಸಿಗಬೇಕು ಅಲ್ವಾ? ಈಗಲೇ ಕೂತು ಪ್ರಯತ್ನಿಸಿ. ಐವತ್ತು ಮನೆ ದಾಟೋಷ್ಟರಲ್ಲಿ ಕುದುರೆ ಯಾವುದೋ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಿರುತ್ತೆ.

ಆದರೆ ಯಾರಾದರೂ ಪಕ್ಕದಲ್ಲಿ ಕೂತು ಒಂದೇ ಒಂದು ಮಾತು ಹೇಳಿದ್ರೆ ಕಥೆಯೇ ಬದಲು: 'ಮುಂದೆ ಎಲ್ಲಿಗೆ ಹೋದ್ರೆ ಅಲ್ಲಿಂದ ಹೊರಡೋ ದಾರಿಗಳು ಅತಿ ಕಡಿಮೆಯೋ, ಅಲ್ಲಿಗೇ ಹೋಗು.' ವಾರ್ನ್ಸ್‌ಡಾರ್ಫ್ ಅನ್ನೋರು 1823ರಲ್ಲಿ ಕೊಟ್ಟ ಸೂತ್ರ ಅದು. ಇಷ್ಟು ಗೊತ್ತಿದ್ದವರು ಸಾಮಾನ್ಯವಾಗಿ ಒಂದು ಟೀ ಕುಡಿಯೋಷ್ಟರಲ್ಲಿ ಮುಗಿಸ್ತಾರೆ. ಒಗಟು ಅದೇ, ಬೋರ್ಡು ಅದೇ, ಕುದುರೆ ಅದೇ. ಮೂರು ಸ್ಟಾರ್ ಇದ್ದದ್ದು ಒಂದು ಸ್ಟಾರ್ ಆಯ್ತು. ಹಾಗಾದ್ರೆ ಆ ಎರಡು ಸ್ಟಾರ್ ಇದ್ದದ್ದು ಎಲ್ಲಿ? ಒಗಟಿನಲ್ಲಂತೂ ಅಲ್ಲ. ಪಕ್ಕದಲ್ಲಿ ಕೂತು ಹೇಳೋರು ಇದ್ರಾ, ಇಲ್ವಾ ಅನ್ನೋದ್ರಲ್ಲಿ.

ಇನ್ನೊಂದು ತುದಿಯ ಉದಾಹರಣೆಯೂ ಇದೆ. ಹತ್ತನೇ ಶತಮಾನದಲ್ಲಿ ಬಾಗ್ದಾದಿನ ಆಸ್ಥಾನದಲ್ಲಿದ್ದ ಅಸ್-ಸೂಲಿ ಆಗಿನ ಕಾಲದ ಚದುರಂಗದಲ್ಲಿ, ಅಂದ್ರೆ ಶತರಂಜಿನಲ್ಲಿ, ಒಂದು ಒಗಟು ಬಿಟ್ಟುಹೋದ. ತಾನು ಹೇಳಿಕೊಟ್ಟವರನ್ನ ಬಿಟ್ಟು ಬೇರೆ ಯಾರಿಗೂ ಇದನ್ನ ಬಿಡಿಸೋಕೆ ಆಗಲ್ಲ ಅಂತ ಅವನ ಹೆಮ್ಮೆ. ಅವನು ಉತ್ತರ ಬರೆದಿಟ್ಟಿರಲಿಲ್ಲ. ಸಾವಿರ ವರ್ಷ ಅದು ಹಾಗೇ ಇತ್ತು. ಕೊನೆಗೆ 1980ರ ದಶಕದಲ್ಲಿ ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಯೂರಿ ಅವೆರ್ಬಾಖ್ ಬಿಡಿಸಿದರು. 'ನಾನು ಹೇಳಿಕೊಟ್ಟವರನ್ನ ಬಿಟ್ಟು' ಅನ್ನೋ ಆ ಮಾತನ್ನ ಗಮನಿಸಿ. ಕಷ್ಟ ಅನ್ನೋದು ಹೇಳಿಕೊಡದೇ ಇರೋದ್ರಲ್ಲೂ ಇರುತ್ತೆ ಅಂತ ಅವನಿಗೂ ಗೊತ್ತಿತ್ತು.

ಈಗ ಮೊಬೈಲಿಗೆ ಬರೋಣ. ನಮ್ಮಲ್ಲಿ ಬಹಳಷ್ಟು ಜನ ಲಿಚೆಸ್‌ನಲ್ಲೋ ಚೆಸ್ ಡಾಟ್ ಕಾಮ್‌ನಲ್ಲೋ ಪಝಲ್ ಮಾಡ್ತೀವಿ, ಕೆಲವೊಮ್ಮೆ ಹಿಂದಿನ ಬೆಂಚಿನಲ್ಲಿ ಕೂತು. ಅಲ್ಲಿ ಸ್ಟಾರ್ ಇಲ್ಲ, ನಂಬರ್ ಇದೆ: 1350, 1820, 2400. ನೋಡೋಕೆ ಬಲು ವೈಜ್ಞಾನಿಕ. ಈ ನಂಬರ್ ಎಲ್ಲಿಂದ ಬಂತು?

ಹಿಂದಿರೋ ಯೋಚನೆ ಆರ್ಪಾಡ್ ಏಲೋ ಅನ್ನೋ ಭೌತಶಾಸ್ತ್ರದ ಮೇಷ್ಟ್ರದ್ದು. ಆಟಗಾರರ ಬಲ ಅಳೆಯೋಕೆ ಅವರು ಮಾಡಿದ ಪದ್ಧತಿಯನ್ನ ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಇಬ್ಬರಿಗೂ ಒಂದೇ ರೇಟಿಂಗ್ ಇದ್ರೆ ಐವತ್ತಕ್ಕೆ ಐವತ್ತು. 200 ಅಂಕದ ವ್ಯತ್ಯಾಸ ಇದ್ರೆ ಬಲಶಾಲಿಗೆ ಸುಮಾರು ಶೇ. 76. 400 ಇದ್ರೆ ಸುಮಾರು ಶೇ. 91. ಲಿಚೆಸ್ ಮಾಡಿದ ಜಾಣತನ ಏನಂದ್ರೆ, ಒಗಟನ್ನೂ ಒಬ್ಬ ಆಟಗಾರ ಅಂತ ತಗೊಂಡಿದ್ದು. ನೀವು ಒಗಟು ಬಿಡಿಸಿದ್ರೆ ನೀವು ಗೆದ್ದಿರಿ, ಒಗಟು ಸೋತಿತು. ಅದರ ರೇಟಿಂಗ್ ಇಳಿಯಿತು. ತಪ್ಪಿದ್ರೆ ಒಗಟು ಗೆದ್ದಿತು, ಅದರ ರೇಟಿಂಗ್ ಏರಿತು. ಲೆಕ್ಕಕ್ಕೆ ಬಳಸೋದು ಏಲೋ ಪದ್ಧತಿಯ ಸುಧಾರಿತ ರೂಪ ಗ್ಲಿಕೊ-2. ಇದೇ ಆಕಾರದ ಸೂತ್ರವನ್ನ ಡೆನ್ಮಾರ್ಕಿನ ಗಣಿತಜ್ಞ ಜಾರ್ಜ್ ರಾಶ್ 1960ರಲ್ಲಿ ಪರೀಕ್ಷೆಯ ಪ್ರಶ್ನೆಗಳಿಗೆ ಕೊಟ್ಟಿದ್ದರು: ವಿದ್ಯಾರ್ಥಿಯ ಬಲ ಒಂದು ಕಡೆ, ಪ್ರಶ್ನೆಯ ಕಷ್ಟ ಇನ್ನೊಂದು ಕಡೆ, ಎರಡರ ವ್ಯತ್ಯಾಸದಿಂದ ಸರಿಯುತ್ತರದ ಸಂಭವನೀಯತೆ.

ನಾವು ಮೂವರು ಐದು ನಿಮಿಷದಲ್ಲಿ ಕೊಟ್ಟ ಸ್ಟಾರಿಗಿಂತ ಇದು ನೂರು ಪಾಲು ಮೇಲು, ಒಪ್ಪಿದ್ವಿ. ಒಗಟಿನ ಕಷ್ಟವನ್ನ ಹೇಳೋದು ರಚಿಸಿದವರಲ್ಲ, ಬಿಡಿಸೋಕೆ ಹೋದವರು. ಆದರೆ ಆ ನಂಬರ್ ಏನು ಹೇಳುತ್ತೆ ಅನ್ನೋದನ್ನ ಸರಿಯಾಗಿ ಓದಬೇಕು. 1820 ಅನ್ನೋದು ಒಗಟಿನ ತೂಕ ಅಲ್ಲ, ಅಕ್ಕಿ ಮೂಟೆಯ ತೂಕದ ಥರ. ಇದುವರೆಗೆ ಇದನ್ನ ಪ್ರಯತ್ನಿಸಿದವರಲ್ಲಿ ಯಾರು ಗೆದ್ದರು, ಯಾರು ಸೋತರು ಅನ್ನೋದರ ಸಾರಾಂಶ ಅದು. ಪ್ರಯತ್ನಿಸಿದವರು ಬೇರೆ ಆಗಿದ್ದರೆ ನಂಬರೂ ಬೇರೆ ಆಗ್ತಿತ್ತು.

ಇದು ಬರೀ ವಾದ ಅಲ್ಲ. ಜಾಸ್ತಿ ತಿಳಿದವರಿಗೇ ಜಾಸ್ತಿ ಕಷ್ಟ ಆಗೋ ಒಗಟುಗಳಿವೆ. ಬಿಲಾಲಿಚ್, ಮೆಕ್ಲಿಯೋಡ್, ಗೋಬೆ ಅನ್ನೋ ಮೂವರು ಸಂಶೋಧಕರು 2008ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಬಲ್ಲ ಆಟಗಾರರ ಮುಂದೆ ಎರಡು ದಾರಿ ಇರೋ ಒಗಟು ಇಟ್ಟರು. ಒಂದು, ಪುಸ್ತಕದಲ್ಲಿ ಎಲ್ಲರೂ ಓದಿರೋ ಪ್ರಸಿದ್ಧ ಚೆಕ್‌ಮೇಟ್: ಮಂತ್ರಿಯನ್ನ ಬಲಿಕೊಟ್ಟು ಕುದುರೆಯಿಂದ ಮುಗಿಸೋದು. ಇನ್ನೊಂದು, ಅದಕ್ಕಿಂತ ಚಿಕ್ಕದು, ಆದರೆ ಅಷ್ಟು ಪರಿಚಯ ಇಲ್ಲದ್ದು. ಬಹಳಷ್ಟು ಆಟಗಾರರಿಗೆ ಮೊದಲನೇದು ಹೊಳೀತು, ಎರಡನೇದು ಕಾಣಲೇ ಇಲ್ಲ. ಇನ್ನೂ ಒಳ್ಳೇ ದಾರಿ ಹುಡುಕ್ತಾ ಇದ್ದೀವಿ ಅಂತ ಅವರು ಹೇಳ್ತಿದ್ದರು, ಆದರೆ ಕಣ್ಣಿನ ಚಲನೆ ಅಳೆದಾಗ ನೋಟ ಹಳೇ ದಾರಿಯ ಮನೆಗಳಿಗೇ ವಾಪಸ್ ಹೋಗ್ತಿತ್ತು. ಪರಿಚಿತ ದಾರಿ ಇಲ್ಲದ ಹಾಗೆ ಅದೇ ಒಗಟನ್ನ ಸ್ವಲ್ಪ ಬದಲಾಯಿಸಿ ಕೊಟ್ಟಾಗ ಅದೇ ಮಟ್ಟದವರು ಚಿಕ್ಕ ದಾರಿಯನ್ನ ಕಂಡುಹಿಡಿದರು. ಗೊತ್ತಿರೋದೇ ಅಡ್ಡ ಬಂದಿತ್ತು. ಯಾವುದೇ ಲೇಬಲ್ಲಿನಲ್ಲಿ ಈ ಕಷ್ಟ ಬರೆದಿರುತ್ತಾ?

ಇಷ್ಟೆಲ್ಲ ಓದಿಕೊಂಡರೂ ವಿಷಯ ನಮ್ಮ ತಲೆಗೆ ನಿಜವಾಗಿ ಇಳಿದದ್ದು ಅಲೀಪುರದಲ್ಲಿ.

ನಮ್ಮ ಬಳಗದಲ್ಲಿ ಒಬ್ಬ ಅಲೀಪುರದವನು. ಚಿಕ್ಕಬಳ್ಳಾಪುರ ಜಿಲ್ಲೆ, ಗೌರಿಬಿದನೂರು ತಾಲ್ಲೂಕು. ಸೆಮಿಸ್ಟರ್ ರಜೆಯಲ್ಲಿ "ಬರ್ರೋ ಮನೆಗೆ" ಅಂತ ಕರೆದ. ಯಲಹಂಕದಲ್ಲಿ ರೈಲು ಹತ್ತಿ, ದೊಡ್ಡಬಳ್ಳಾಪುರ ದಾಟಿ, ಕಿಟಕಿಯಲ್ಲಿ ಮಾಕಳಿದುರ್ಗ ನೋಡ್ಕೊಂಡು ತೊಂಡೇಬಾವಿಯಲ್ಲಿ ಇಳಿದ್ವಿ. ಅಲ್ಲಿಂದ ಆಟೋ. ಹರಳಿನ ವ್ಯಾಪಾರಕ್ಕೆ ಹೆಸರಾದ ಊರು. ಅದಕ್ಕಿಂತ ದೊಡ್ಡ ವಿಷಯವೊಂದನ್ನ ನಮ್ಮ ಗೆಳೆಯ ಎಂದೂ ದೊಡ್ಡದು ಅಂತ ಹೇಳಿರಲೇ ಇಲ್ಲ: ಊರಿನಲ್ಲಿ ಹುಟ್ಟಿನಿಂದ ಕಿವಿ ಕೇಳಿಸದವರು ಬೇರೆ ಊರುಗಳಿಗಿಂತ ಹೆಚ್ಚು, ತಲೆಮಾರುಗಳಿಂದ ಊರು ತನ್ನದೇ ಒಂದು ಸಂಜ್ಞಾಭಾಷೆ ಬೆಳೆಸಿಕೊಂಡಿದೆ. ಭಾರತೀಯ ಸಂಜ್ಞಾಭಾಷೆಗಿಂತ ಅದು ಬೇರೆ. ಭಾಷಾವಿಜ್ಞಾನಿ ಸಿಬಾಜಿ ಪಾಂಡಾ ಇದನ್ನ ದಾಖಲಿಸಿದ್ದಾರೆ, 2012ರಲ್ಲಿ ಬಂದ ಹಳ್ಳಿಗಳ ಸಂಜ್ಞಾಭಾಷೆಗಳ ಪುಸ್ತಕವೊಂದರಲ್ಲಿ ಅಲೀಪುರದ ಮೇಲೆ ಅವರ ಅಧ್ಯಾಯವೇ ಇದೆ. ಕಿವಿ ಕೇಳಿಸದವರು ಮಾತ್ರ ಅಲ್ಲ, ಕೇಳಿಸೋ ಅನೇಕರಿಗೂ ಆ ಭಾಷೆ ಬರುತ್ತೆ.

ಗೆಳೆಯನ ಮನೆಯ ಜಗಲಿಗೆ ಅವನ ಬಾಲ್ಯದ ಜೊತೆಗಾರ ಬಂದ. ನಮ್ಮ ವಯಸ್ಸಿನವನೇ, ಹರಳು ಪಾಲಿಷ್ ಕೆಲಸ, ಕಿವಿ ಕೇಳಿಸಲ್ಲ. ಬಂದವನೇ ಗೆಳೆಯನ ಜೊತೆ ಕೈಯಲ್ಲಿ ಮಾತು ಶುರು ಮಾಡಿದ. ಒಳಗಿನಿಂದ ಟೀ ತಂದ ಗೆಳೆಯನ ಅಮ್ಮಿ ಲೋಟ ಕೆಳಗಿಟ್ಟು ಏನೋ ಕೈಸನ್ನೆ ಮಾಡಿದರು, ಅವನು ನಕ್ಕ, ಎದುರುಮನೆಯವರೂ ನಕ್ಕರು. ನಾವು ಮಾತ್ರ ಮಿಕಮಿಕ ನೋಡ್ತಾ ಕೂತಿದ್ವಿ. "ಏನಂತೋ?" ಅಂತ ಪ್ರತಿ ಸಲ ಗೆಳೆಯನನ್ನ ಕೇಳಬೇಕು. ಅವನು ಹೇಳೋಷ್ಟರಲ್ಲಿ ಮಾತು ಎರಡು ಹೆಜ್ಜೆ ಮುಂದೆ ಹೋಗಿರೋದು. ಆ ಜಗಲಿಯಲ್ಲಿ ಕಿವುಡರು ಯಾರು ಅಂತ ಕೇಳಿದ್ರೆ ನಾವೇ.

ನಮ್ಮ ಕ್ಲಾಸಿನಲ್ಲಿ ಇದೇ ಹುಡುಗ ಬಂದು ಕೂತಿದ್ರೆ ಎಲ್ಲರೂ 'ಪಾಪ, ಅವನಿಗೆ ಕಷ್ಟ' ಅಂತಿದ್ವಿ. ಕಷ್ಟ ಅವನ ಕಿವಿಯಲ್ಲಿದೆ ಅಂದ್ಕೊಳ್ತಿದ್ವಿ. ಅದೇ ಕಿವಿ ಆ ಜಗಲಿಯಲ್ಲೂ ಇತ್ತು, ಮಾತಿಗೆ ಮಾತ್ರ ಅಲ್ಲಿ ತಡೆ ಇರಲಿಲ್ಲ. ಊರಿನವರು ಕಲಿತುಕೊಂಡಿದ್ದರು, ಅಷ್ಟೇ. ಹಾಗಂತ ಅವನಿಗೆ ಯಾವ ತೊಂದರೆಯೂ ಇಲ್ಲ ಅಂತ ನಾವು ಹೇಳೋಕೆ ಹೊರಟಿಲ್ಲ. ಬೆಂಗಳೂರಿನ ಆಫೀಸೊಂದಕ್ಕೆ ಹೋದರೆ ಅವನಿಗೂ ಅದೇ ಗೋಡೆ. ಗೋಡೆ ಇರೋದು ಆಫೀಸಿನಲ್ಲಿ ಅನ್ನೋದು ನಮಗೆ ಅವತ್ತು ಕಂಡಿತು.

ಅವನಿಗೆ ಮೊಬೈಲಿನಲ್ಲಿ ಚೆಸ್ ಆಡೋ ಹುಚ್ಚು. ಗೆಳೆಯ ನಮ್ಮ 'ಒಂದು ಸ್ಟಾರ್' ಒಗಟನ್ನ ತೋರಿಸಿದ. ಅವನು ಸುಮಾರು ಹೊತ್ತು ನೋಡಿ, ರಾಜನನ್ನ ನೇರ ಕೆಳಗೆ ಇಳಿಸಿದ. ತಪ್ಪು. ಇನ್ನೊಂದು ಸಲ. ತಪ್ಪು. ಸಾಕು ಅಂತ ಕೈ ಆಡಿಸಿ ಹೊರಟುಹೋದ. ಆ್ಯಪ್ ಆಗಿದ್ರೆ ಅಲ್ಲಿಗೆ ಕಥೆ ಮುಗೀತು: ಮೊದಲ ನಡೆ ತಪ್ಪಿದ್ರೆ ಸೋತ ಅಂತ ಲೆಕ್ಕ. ನಮ್ಮ ಶೂ ಡಬ್ಬಿಯಲ್ಲೂ ತಪ್ಪು ಚೀಟಿಗಳ ಗುಂಪಿಗೆ ಇನ್ನೊಂದು ಸೇರ್ತಿತ್ತು.

ಮಾರನೇ ದಿನ ಬೆಳಗ್ಗೆ ನಾವು ಹಲ್ಲುಜ್ಜೋ ಮೊದಲೇ ಬಂದ. ಜಗಲಿಯ ಮೇಲೆ ಎರಡು ಬೆರಳು ಊರಿ ಓರೆಯಾಗಿ ನಡೆಸಿದ. ಮಧ್ಯದಲ್ಲಿ ನಿಲ್ಲಿಸಿ ಒಂದು ಬೆರಳನ್ನ ಈ ಕಡೆ, ಇನ್ನೊಂದನ್ನ ಆ ಕಡೆ ಚಾಚಿದ. ಹುಬ್ಬು ಹಾರಿಸಿದ. ನಮಗೆ ಗೆಳೆಯನ ಅನುವಾದ ಬೇಕಾಗಲಿಲ್ಲ. ಒಂದೇ ದಾರಿ, ಎರಡು ಕೆಲಸ. ನಾವು ಮೇಲೆ ಅಷ್ಟುದ್ದ ಬರೆದ ವಿವರಣೆಯನ್ನ ಅವನು ಎರಡು ಬೆರಳಲ್ಲಿ ಹೇಳಿದ್ದ. ರಾತ್ರಿಯಿಡೀ ಆ ಒಗಟು ಅವನ ಜೊತೆಗಿತ್ತು ಅನ್ನೋದು ಯಾವ ರೇಟಿಂಗಿನಲ್ಲೂ ದಾಖಲಾಗಲ್ಲ. ಆದರೆ ಒಗಟು ಬಿಡಿಸೋದು ಅಂದ್ರೆ ಅದೇ ಅಲ್ವಾ? ಮತ್ತೆ, ಅವನಿಗೆ ಯಾರೂ ಇದು ಒಂದು ಸ್ಟಾರಿಂದು ಅಂತ ಹೇಳಿರಲಿಲ್ಲ. ಹೇಳಿದ್ದಿದ್ರೆ ಬೆಳಗ್ಗೆ ವಾಪಸ್ ಬರ್ತಿದ್ನಾ? ಚೀಟಿ ಬರೆದ ಜೂನಿಯರ್ ವಾಪಸ್ ಬರಲಿಲ್ಲ.

ಈಗ ನಮ್ಮ ಕಾಲೇಜಿನ ವಿಷಯ. ನಮ್ಮ ಪ್ರಶ್ನೆಪತ್ರಿಕೆಗಳನ್ನ ತೆಗೆದು ನೋಡಿ. ಪ್ರತಿ ಪ್ರಶ್ನೆಯ ಪಕ್ಕ ಅಂಕದ ಜೊತೆ ಎಲ್1, ಎಲ್2, ಎಲ್3 ಅಂತ ಇರುತ್ತೆ. ಬ್ಲೂಮ್ ವರ್ಗೀಕರಣದ ಮಟ್ಟ: ನೆನಪಿಡೋದು, ಅರ್ಥ ಮಾಡ್ಕೊಳ್ಳೋದು, ಅನ್ವಯಿಸೋದು, ಹೀಗೆ ಮೇಲಕ್ಕೆ. ಅದು ಯಾವ ಥರದ ಯೋಚನೆ ಬೇಕು ಅಂತ ಹೇಳುತ್ತೆ, ಎಷ್ಟು ಕಷ್ಟ ಅಂತ ಅಲ್ಲ. ನಾವು ಓದೋದು ಮಾತ್ರ ಸ್ಟಾರಿನ ಥರಾನೇ. ಎಲ್1 ತಪ್ಪಿದವನು ದಡ್ಡ ಅಂತ ನಾವೇ ನಮ್ಮ ಬಗ್ಗೆ ತೀರ್ಮಾನ ಮಾಡ್ಕೊಳ್ತೀವಿ.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದವರು ನಮ್ಮ ಬಳಗದಲ್ಲಿ ಬಹಳ ಇದ್ದೀವಿ. ಮೊದಲ ಸೆಮಿಸ್ಟರಿನ ಸಂಭವನೀಯತೆಯ ಲೆಕ್ಕ ನೆನಪಿದೆಯಾ? 'ಅಟ್ ಲೀಸ್ಟ್ ಟೂ', 'ಅಟ್ ಮೋಸ್ಟ್ ಟೂ'. 'ಕನಿಷ್ಠ ಎರಡು', 'ಗರಿಷ್ಠ ಎರಡು' ಅಂದಿದ್ರೆ ಒಂದೇ ಸಲಕ್ಕೆ ಹೊಳೀತಿತ್ತು. ಲೀಸ್ಟ್ ಅಂದ್ರೆ ಕಡಿಮೆ ಅಲ್ವಾ, ಹಾಗಾದ್ರೆ ಎರಡಕ್ಕಿಂತ ಕಡಿಮೆ ಅಂತ ತಿಳ್ಕೊಂಡು ಪೂರ್ತಿ ಲೆಕ್ಕವನ್ನ ಉಲ್ಟಾ ಮಾಡಿದವರು ನಮ್ಮಲ್ಲೇ ಇದ್ದಾರೆ. ಇಸ್ಪೀಟು ಮುಟ್ಟದ ಮನೆಯಿಂದ ಬಂದವರಿಗೆ 'ಫೇಸ್ ಕಾರ್ಡ್' ಅಂದ್ರೆ ಏನು ಅಂತ ಹೇಗೆ ಗೊತ್ತಾಗಬೇಕು? ಅಂಕ ಹೋದದ್ದು ಗಣಿತದ ಲೆಕ್ಕದಲ್ಲಿ. ತಪ್ಪಾಗಿದ್ದು ಗಣಿತ ಅಲ್ಲ.

ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಲೆಕ್ಕ ಹಾಕಿ "ವೆರಿ ಸಿಂಪಲ್" ಅಂತಾರಲ್ಲ, ಆ ಎರಡು ಪದದ ಆಮೇಲೆ ಯಾರಾದ್ರೂ ಕೈ ಎತ್ತಿ ಡೌಟ್ ಕೇಳಿದ್ದನ್ನ ನೋಡಿದ್ದೀರಾ? ಸುಲಭ ಅನ್ನೋ ಮಾತು ಧೈರ್ಯ ಕೊಡುತ್ತೆ ಅಂತ ಹೇಳೋರು ಅಂದ್ಕೊಂಡಿರ್ತಾರೆ. ಕೇಳೋರಿಗೆ ಅದು ಬಾಗಿಲು ಹಾಕಿದ ಸದ್ದು. ಸುಲಭದ್ದು ಬಂದ್ರೆ ಹೆಮ್ಮೆ ಇಲ್ಲ, ಬರದಿದ್ರೆ ಅವಮಾನ. ಎರಡೂ ಕಡೆ ನಷ್ಟವೇ. ಮೇಷ್ಟ್ರುಗಳನ್ನ ದೂರೋಕೆ ಇದನ್ನ ಬರೀತಿಲ್ಲ. ನಾವೂ ಗೋಡೆಯ ಮೇಲೆ ಅದನ್ನೇ ಮಾಡಿದ್ವಿ, ಜೂನಿಯರ್ಸ್‌ಗೆ ಲ್ಯಾಬಿನಲ್ಲೂ ದಿನಾ ಮಾಡ್ತೀವಿ: "ಎನ್-ಕ್ವೀನ್ಸ್ ತಾನೆ, ಏನ್ ಮಗಾ ಅದು, ಹತ್ತು ನಿಮಿಷದ ಪ್ರೋಗ್ರಾಮ್."

ಇದಕ್ಕೆ ಎದುರುಮಾತು ಇದೆ, ಬಳಗದ ಸಭೆಯಲ್ಲೇ ಬಂತು. "ಹಾಗಂತ ಕಷ್ಟ-ಸುಲಭ ಅನ್ನೋದೇ ಇಲ್ವಾ? ಕಾಯಿ ನಡೆಸೋದು ನಿನ್ನೆ ಕಲಿತವನಿಗೆ ಅಸ್-ಸೂಲಿಯ ಒಗಟು ಕೊಡ್ತೀರಾ?" ಒಳ್ಳೇ ಪ್ರಶ್ನೆ. ಇಲ್ಲ, ಕೊಡಲ್ಲ. ಕ್ರಮ ಬೇಕು. ಮೊದಲು ಒಂದು ನಡೆಯಲ್ಲಿ ಚೆಕ್‌ಮೇಟ್, ಆಮೇಲೆ ಎರಡು. ಹೇಳಿಕೊಡೋರಿಗೆ ಅಂದಾಜು ಬೇಕು, ರೇಟಿಂಗ್ ಆ ಅಂದಾಜಿಗೆ ಬಹಳ ಒಳ್ಳೇ ಸಾಧನ. ನಿಮ್ಮ ಬಲಕ್ಕೆ ಹತ್ತಿರದ ಒಗಟನ್ನ ಅದು ಹುಡುಕಿಕೊಡುತ್ತೆ. ನಮ್ಮ ತಕರಾರು ಅಳತೆಯ ಮೇಲೆ ಅಲ್ಲ. ಅಳತೆಯನ್ನ ಬಿಡಿಸೋ ಮೊದಲೇ ಬಿಡಿಸೋರ ಹಣೆಯ ಮೇಲೆ ಅಂಟಿಸೋದರ ಮೇಲೆ. ಅಂದಾಜು ಒಗಟು ಆರಿಸೋರ ಜೇಬಿನಲ್ಲಿರಲಿ.

ಇನ್ನೊಂದು ಕಾರಣವೂ ಇದೆ. ಲೇಬಲ್ಲೇ ಒಂದು ಸುಳಿವು. 'ಬಿಳಿ ಆಡಿ ಗೆಲ್ಲಬೇಕು' ಅಂತ ಬರೆದಿದ್ರೆ ಗೆಲುವು ಇದೆ ಅಂತ ಗೊತ್ತಾಯ್ತು. ಮೂರು ಸ್ಟಾರ್ ಇದ್ರೆ ಮೊದಲು ಕಂಡ ನಡೆ ತಪ್ಪಿರಬೇಕು ಅಂತ ಗೊತ್ತಾಯ್ತು. ನಿಜವಾದ ಆಟದಲ್ಲಿ ಈಗ ಒಗಟು ಬಂದಿದೆ ನೋಡು ಅಂತ ಯಾರೂ ಬೆಲ್ ಹೊಡೆಯಲ್ಲ. ಬದುಕಿನಲ್ಲೂ ಅಷ್ಟೇ ಅಂತ ಬರೆದ್ರೆ ಉಪದೇಶ ಆಗುತ್ತೆ, ಬಿಡಿ.

ಹಾಗಾಗಿ ನಮ್ಮ ಬಳಗ ಮೂರು ತೀರ್ಮಾನ ಮಾಡಿದೆ. ಒಂದು, ಈ ಸೆಮಿಸ್ಟರಿನಿಂದ ಒಗಟಿಗೆ ಸ್ಟಾರ್ ಇಲ್ಲ. ಮುಂದಿನ ವಾರ ಉತ್ತರದ ಜೊತೆ, ಎಷ್ಟು ಜನ ಪ್ರಯತ್ನಿಸಿದರು, ಎಷ್ಟು ಜನಕ್ಕೆ ಬಂತು ಅಂತ ಮಾತ್ರ ಹಾಕ್ತೀವಿ. ಎರಡು, ಚೀಟಿಯಲ್ಲಿ ಉತ್ತರ ಮಾತ್ರ ಅಲ್ಲ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತಾನೂ ಬರೀರಿ. ತಪ್ಪು ಚೀಟಿಗಳಲ್ಲಿ ಚೆನ್ನಾಗಿರೋದನ್ನೂ ಗೋಡೆಗೆ ಹಾಕ್ತೀವಿ, ಹೆಸರಿಲ್ಲದೆ. ಒಂದು ಒಗಟು ಯಾಕೆ ಕಷ್ಟ ಅನ್ನೋದನ್ನ ಸರಿಯುತ್ತರಕ್ಕಿಂತ ತಪ್ಪುತ್ತರ ಚೆನ್ನಾಗಿ ಹೇಳುತ್ತೆ. ಮೂರು, ಶುಕ್ರವಾರ ಸಂಜೆ ಕ್ಯಾಂಟೀನಿನಲ್ಲಿ ಬೋರ್ಡ್ ಇಟ್ಕೊಂಡು ಕೂತಿರ್ತೀವಿ. ಪಕ್ಕದಲ್ಲಿ ಕೂತು ಹೇಳೋರು ಇರಬೇಕಲ್ಲ, ಅದಕ್ಕೆ.

ಕೊನೆಗೆ ಈ ವಾರದ ಒಗಟು. 1895ರಲ್ಲಿ ಗ್ಲಾಸ್ಗೋದ ಪತ್ರಿಕೆಯೊಂದರ ಚೆಸ್ ಅಂಕಣದಲ್ಲಿ ಬಾರ್ಬಿಯೆ ಅನ್ನೋ ಸಂಪಾದಕರು ಒಂದು ಅಂತ್ಯದಾಟ ಹಾಕಿದರು, ಕಪ್ಪು ಡ್ರಾ ಮಾಡಬಹುದು ಅಂತ ಷರಾ ಬರೆದು. ಅದೇ ಊರಿನಲ್ಲಿದ್ದ ಫರ್ನಾಂಡೋ ಸಾವೆಡ್ರಾ ಅನ್ನೋ ಪಾದ್ರಿ, ಚೆಸ್‌ನಲ್ಲಿ ಹೇಳಿಕೊಳ್ಳೋ ಹೆಸರೇನೂ ಇಲ್ಲದವರು, ಅದನ್ನ ನೋಡಿ ಡ್ರಾ ಅಲ್ಲ, ಬಿಳಿ ಗೆಲ್ಲುತ್ತೆ ಅಂತ ತೋರಿಸಿದರು. ಹಾಕಿದವರ ತೀರ್ಪೇ ತಪ್ಪಾಗಿತ್ತು. ಇವತ್ತು ಆ ಒಗಟಿಗೆ ಪಾದ್ರಿಯ ಹೆಸರೇ ಇದೆ, ಅದೂ ಒಂದೇ ಒಂದು ನಡೆಗೋಸ್ಕರ.

ಬಿಳಿ ರಾಜ ಬಿ6, ಬಿಳಿ ಕಾಲಾಳು ಸಿ6. ಕಪ್ಪು ರಾಜ ಎ1, ಕಪ್ಪು ಆನೆ ಡಿ5. ನಡೆ ಬಿಳಿಯದು.

ಇದು ಎಷ್ಟು ಕಷ್ಟ ಅಂತ ನಾವು ಹೇಳಲ್ಲ. ನೀವು ಬಂದು ಹೇಳಿ. ಆ ಚೀಟಿ ಬರೆದವರೇ, ಇದನ್ನ ಓದ್ತಾ ಇದ್ರೆ ನೀವೂ ಬನ್ನಿ. ಆ ಒಂದು ಸ್ಟಾರ್ ನಮ್ಮ ತಪ್ಪು. ಡಬ್ಬಿ ಅಲ್ಲೇ ಇದೆ.